ಯಂತ್ರ ಓದಿತೆಂದು ವರದಿ ಬರೆದ ಅಧಿಕಾರಿಗಳಿಗೆ

ಬಾಳೂರು
ನವೆಂಬರ್ 1988

ಹಳೆಯ ಭೂದಾಖಲೆಗಳ ಉಸ್ತುವಾರಿ ಹೊತ್ತ ಮಾನ್ಯರೇ,

ಹನ್ನೊಂದು ವರ್ಷ ನಾನು ಮಾಡಿಕೊಂಡು ಬಂದ ಕೆಲಸವನ್ನು ಕಿತ್ತು, ಪೇಟೆಯ ವ್ಯಾಪಾರಿ ಓಂಕಾರಮೂರ್ತಿಯವರ ಕಂಪ್ಯೂಟರಿಗೆ ಕೊಟ್ಟಿರಿ. ಅದಕ್ಕೆ ನನಗೆ ಹೊಟ್ಟೆಕಿಚ್ಚು. ಇದನ್ನು ನಾನೇ ಮೊದಲು ಹೇಳಿಬಿಟ್ಟರೆ, ಕಂಡುಹಿಡಿಯುವ ಶ್ರಮ ತಮಗೆ ಉಳಿಯುತ್ತದೆ.

ಗೆದ್ದಲು ಹಿಡಿದ ರಿಜಿಸ್ಟರುಗಳನ್ನು ನಿಮ್ಮ ಕಚೇರಿ ಫೋಟೋ ತೆಗೆಸಿ ಇಟ್ಟಿತ್ತು. ಆ ಮಸುಕು ಫೋಟೋಗಳನ್ನು ಓದಿ, ಟೈಪು ಮಾಡಿ, ಮಲ್ಲಂದೂರಿನಿಂದ ಕಳಸದವರೆಗಿನ ಜನರಿಗೆ ನಕಲು ಒದಗಿಸುತ್ತಿದ್ದವನು ನಾನು. ಒಂದಕ್ಷರ ತಪ್ಪಿದರೆ ಇಡೀ ಹಾಳೆಯನ್ನು ಹೊಸದಾಗಿ ಹೊಡೆಯಬೇಕು. ಕಂಪ್ಯೂಟರಿನಲ್ಲಾದರೆ ಆ ಅಕ್ಷರವನ್ನಷ್ಟೇ ಅಳಿಸಿ ಬೇರೆ ಕೂರಿಸಬಹುದಂತೆ, ಉಳಿದದ್ದು ಅಲುಗುವುದೇ ಇಲ್ಲವಂತೆ. ಇದನ್ನು ಕೇಳಿದ ದಿನ ನನ್ನ ಟೈಪ್‌ರೈಟರಿನ ಮುಖ ನೋಡಲೂ ಮನಸ್ಸಾಗಲಿಲ್ಲ. ಆಮೇಲೆ ನೀವು ಸಭೆ ಕರೆದು, ಈ ಯಂತ್ರ ಫೋಟೋವನ್ನು ತಾನೇ ಓದಿ ತಿದ್ದಬಹುದಾದ ದಾಖಲೆ ಮಾಡಿಕೊಡುತ್ತದೆಂದು ಘೋಷಿಸಿ, ಓಂಕಾರಮೂರ್ತಿಯವರಿಗೆ ಶಾಲು ಹೊದಿಸಿದಿರಿ. ನಾನೂ ಚಪ್ಪಾಳೆ ತಟ್ಟಿದೆ, ಸದ್ದಾಗದ ಹಾಗೆ. ಹನ್ನೊಂದು ವರ್ಷದಲ್ಲಿ ನಿಮ್ಮ ಕಚೇರಿ ನನಗೆ ಕೂರಲು ಒಂದು ಕುರ್ಚಿಯನ್ನಾದರೂ ತೋರಿಸಿತ್ತೇ?

ಕಳೆದ ತಿಂಗಳು, ಇಲ್ಲಿನ ಎಸ್ಟೇಟೊಂದರಲ್ಲಿ ದುಡಿಯುವ ಕಲ್ಲಮ್ಮ ಎರಡು ನಕಲು ಹಿಡಿದು ಬಂದಳು. ಅವಳು ವಾಸವಿರುವ ಮನೆಯ ಜಾಗ ಗಂಗಮ್ಮ ಎಂಬವಳದೆಂದು ನನ್ನ ನಕಲು ಹೇಳುತ್ತಿತ್ತು. ತಂಗಮ್ಮನದೆಂದು ಕಂಪ್ಯೂಟರಿನ ನಕಲು. ಕಲ್ಲಮ್ಮನ ತಾಯಿಯ ಹೆಸರು ತಂಗಮ್ಮ. ಜಾಗವನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂಬ ಅವಳ ಅರ್ಜಿಯನ್ನು ನನ್ನ ನಕಲು ನಂಬಿ ನೀವು ಎರಡು ಸಲ ತಳ್ಳಿಹಾಕಿದ್ದಿರಿ.

"ಮಿಷನ್ನು ಓದಿದ್ದೇ ಸರಿಯಂತೆ ಸಾಬ್ರೆ," ಎಂದಳು. "ಜಾಗ ನಿಂದಲ್ಲ ಅಂತ ಪಕ್ಕದವ್ರು ಬೇಲಿ ಕಿತ್ತು ಹಾಕಿದ್ರು. ನಮ್ಮವ್ವನ ಹೆಸ್ರು ನೀವ್ಯಾಕೆ ಬದ್ಲಾಯಿಸಿದ್ರಿ?"

ಯಂತ್ರದ ತಪ್ಪು ಹಿಡಿಯಲೇಬೇಕೆಂದು ಜೀಪು ಹತ್ತಿ ಓಂಕಾರಮೂರ್ತಿಯವರ ಅಂಗಡಿಗೆ ಹೋದೆ. ಅವರಿರಲಿಲ್ಲ. ಒಳಗೆ ಅವರ ಪತ್ನಿ ಗಿರಿಜಾಂಬಾ ಕಿಟಕಿಯ ಬೆಳಕಿಗೆ ಫೋಟೋ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಅಕ್ಷರ ಗುರುತಿಸಿ, ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದರು.

"ಇದೇ ಓದುತ್ತೆ ಅಂದಿದ್ರಲ್ಲ?" ಎಂದೆ.

"ಎಲ್ಲಿ ಓದುತ್ತೆ ಹಬೀಬಣ್ಣ! ಫೋಟೋ ಅಂದ್ರೆ ಇದಕ್ಕೆ ಬರೀ ಕಪ್ಪು ಚುಕ್ಕಿ. ಓದೋದು ನಾನೇ."

ತಂಗಮ್ಮನ ಹಾಳೆ ತೋರಿಸಿ ಎಂದೆ. ಆಕೆ ಹುಡುಕಿ ಕೊಟ್ಟರು. "ಮೊದಲಕ್ಷರ ಅಳಿಸಿ ಹೋಗಿದೆ ನೋಡಿ. ನಂಗೂ ಗಂಗಮ್ಮ ಅಂತಲೇ ಕಂಡಿದ್ದು. ಅನುಮಾನ ಬಂತು, ಮುಂದೆ ಓದ್ತಾ ಹೋದೆ. ನಾಲ್ಕು ಹಾಳೆ ಆದ್ಮೇಲೆ ಅದೇ ಜಾಗದ ವಿಷಯ ಮತ್ತೆ ಬರುತ್ತೆ. ಅಲ್ಲಿ ಹೆಸರು ಸ್ಪಷ್ಟ ಇದೆ."

ನಾನು ಮುಂದೆ ಓದಿರಲಿಲ್ಲ. ಪರಿಚಯದ ಹೆಸರೊಂದನ್ನು ಕೂರಿಸಿ ಎದ್ದು ಹೋಗಿದ್ದೆ. ಯಂತ್ರದ ಮೇಲಿದ್ದ ನನ್ನ ಅಸೂಯೆಯೆಲ್ಲ ಆ ಕ್ಷಣದಲ್ಲಿ ಆಕೆಯ ತಾಳ್ಮೆಯ ಮೇಲೆ ತಿರುಗಿತು, ಮೊದಲಿಗಿಂತ ಜೋರಾಗಿ.

ಮರುದಿನ ಕಲ್ಲಮ್ಮನ ಜೊತೆ ನಿಮ್ಮೆದುರು ನಿಂತು, ತಪ್ಪು ನನ್ನದೆಂದು ಬರೆದುಕೊಟ್ಟೆ. ಜಾಗ ಅವಳ ಹೆಸರಿಗಾಯಿತು. ಗಿರಿಜಾಂಬಾ ಅವರ ವಿಷಯ ತಿಳಿಸಿದಾಗ ತಾವು ಅಂದದ್ದು ನೆನಪಿದೆಯೇ? "ಯಂತ್ರ ಓದಿತು ಅಂತ ಮೇಲಿನವ್ರಿಗೆ ವರದಿ ಹೋಗಿದೆ ಮಾರಾಯ್ರೆ. ಈಗ ಆ ಹೆಂಗಸಿನ ಹೆಸರು ಎಲ್ಲಿ ತುರುಕ್ಲಿ?"

ಪ್ರತಿ ಹಾಳೆಯ ಕೆಳಗೆ, ಸ್ವಾಮಿ. 'ಓದಿ ಬರೆದವರು: ಗಿರಿಜಾಂಬಾ.' ಮೂರು ಪದಕ್ಕೆ ಸ್ಥಳವಿಲ್ಲದಷ್ಟು ಕಿಕ್ಕಿರಿದಿದೆಯೇ ಸರ್ಕಾರದ ಕಾಗದ? ಮೇಲಿನವರಿಗೆ ತಿದ್ದುಪಡಿಯ ವರದಿ ಕಳಿಸಿ. ನಾನು ಟೈಪು ಮಾಡಿದ ಅಷ್ಟೂ ಹಾಳೆಗಳನ್ನು ಆಕೆಯ ಕೈಗೆ ಕೊಟ್ಟು ತಪ್ಪು ಹುಡುಕಿಸಿ. ಎಷ್ಟು ಸಿಕ್ಕರೂ ಬಂದು ಒಪ್ಪಿ ರುಜು ಹಾಕುತ್ತೇನೆ. ಹಾಕುವಾಗ ಯಾರೂ ನನ್ನ ಮುಖ ನೋಡಬಾರದೆಂಬುದಷ್ಟೇ ವಿನಂತಿ.

ಇಂತಿ,
ಆಕೆಯಷ್ಟು ಚೆನ್ನಾಗಿ ಓದಲಾರದ,
ಅದನ್ನು ಸಹಿಸಲೂ ಆಗದ,
ಹಬೀಬುರ್ರಹ್ಮಾನ್, ಕನ್ನಡ ಟೈಪಿಸ್ಟ್