ಉಜ್ಜಿದರೂ ಹೋಗದ ಕಪ್ಪು

ಜಹ್ರಾ ಪಟ್ಟಣದ ಕ್ಲಿನಿಕ್, ಫೆಬ್ರವರಿ ೧೧, ಮಂಗಳವಾರ

ಇವತ್ತು ನನಗೆ ಸಿಟ್ಟೂ ಬರಲಿಲ್ಲ. ಅದೇ ಕಾಡುತ್ತಿದೆ.

ಒಂಬತ್ತು ವರ್ಷದ ಗಾಲಿಯಾ ತೂಕದ ಮಷಿನ್ ಹತ್ತಿದಳು. ಅರವತ್ತೆರಡು ಕಿಲೋ. ಮಕ್ಕಳಿಗೆ ದೃಷ್ಟಿ ತಾಗಬಾರದೆಂದು ನಾವೆಲ್ಲ ತೂಕ ಹೇಳುವ ಮೊದಲು ಮಾಶಾ ಅಲ್ಲಾ ಅನ್ನುತ್ತೇವಲ್ಲ, ಅದೇ ಅಭ್ಯಾಸದಲ್ಲಿ ಅಂದುಬಿಟ್ಟೆ. ಅದನ್ನು ಹೊಗಳಿಕೆ ಎಂದುಕೊಂಡ ಅವಳ ಅಜ್ಜಿ ಉಮ್ಮ್ ನಾಯಿಫ್ ಮುಖ ಅರಳಿತು.

"ನೋಡಿದ್ಯಾ, ಡಾಕ್ಟ್ರಮ್ಮನೇ ಮೆಚ್ಕೊಂಡ್ರು. ನಿಮ್ಮಮ್ಮ ಸುಮ್ನೆ ಹೆದರ್ತಾಳೆ."

ಆಮೇಲೆ ನಾನು ಹೇಳಿದ್ದು ಯಾವುದೂ ಆಕೆಯ ಕಿವಿಗೆ ಹೋಗಲಿಲ್ಲ. ಮಗುವಿನ ಕತ್ತಿನ ಸುತ್ತ ಇರುವ ಕಪ್ಪು ಪಟ್ಟಿ ಸಕ್ಕರೆ ಕಾಯಿಲೆಯ ಮುನ್ಸೂಚನೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದೆ.

"ಅದು ಕೊಳೆ ಕಣಮ್ಮಾ. ದಿನಾ ನಾನೇ ಉಜ್ತೀನಿ."

ಉಜ್ಜಿ ಉಜ್ಜಿ ಅಲ್ಲಿ ಚರ್ಮ ಸುಲಿದಿತ್ತು. ಅಜ್ಜಿ ಚೀಲದಿಂದ ಖರ್ಜೂರ ತೆಗೆದು ಮೊಮ್ಮಗಳ ಕೈಗಿಟ್ಟು ಎದ್ದು ಹೊರನಡೆದಳು. ಗಾಲಿಯಾ ಬಾಗಿಲ ಬಳಿ ಹಿಂದೆ ಉಳಿದಳು.

"ಇದು ತೊಳೆದ್ರೆ ಹೋಗಲ್ವಾ, ಡಾಕ್ಟರ್?"

"ಹೋಗಲ್ಲ ಪುಟ್ಟಾ."

"ಹಾಗಾದ್ರೆ ಅಜ್ಜಿಗೆ ನೀವೇ ಹೇಳಿ. ಉಜ್ಜೋವಾಗ ತುಂಬಾ ಉರಿಯುತ್ತೆ."

ಎದ್ದು ಹೋಗಿ ಅಜ್ಜಿಯನ್ನು ನಿಲ್ಲಿಸಬೇಕು ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಮಗು ಮಷಿನ್ ಹತ್ತಿ ನಿಂತಿತ್ತು. ಮಾಶಾ ಅಲ್ಲಾ ಅಂದೆ.