ಬುಡಾಪೆಸ್ಟಿನಲ್ಲಿ ಆಡಿದವನು

ಫಾವೊರಿಟೆನ್, ವಿಯೆನ್ನಾ
೨೪ ನವೆಂಬರ್ ೧೯೩೨, ಗುರುವಾರ

ಪ್ರೀತಿಯ ಅಕ್ಕ ರೂಜೆನಾಗೆ,

ನಿನ್ನ ತಮ್ಮ ಬೊಹುಮಿಲ್ ಮಾಡುವ ನಮಸ್ಕಾರ. ಗ್ರಾಜ್‌ನಲ್ಲಿ ನೀನೂ ನೀನು ಕೆಲಸಕ್ಕಿರುವ ಡಾಕ್ಟರ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬೈದರೂ ಸರಿಯೇ. ಇನ್ನೊಬ್ಬನ ಹೊಗಳಿಕೆ ಕೇಳಿ ಕೇಳಿ ಕಿವಿ ತೂತಾಗಿದೆ, ಯಾರಾದರೂ ನನ್ನ ಹೆಸರು ಹಿಡಿದು ಬೈದರೆ ಈಗ ಸಂತೋಷವೇ. ನೀನು ಕಳಿಸಿದ ಗಸಗಸೆ ಸುರುಳಿ ಬಂತು. ಅಪ್ಪ ಒಂದು ತುಂಡು ತಿಂದರು, ಉಳಿದದ್ದನ್ನೆಲ್ಲ ನಾನು ಸಿಟ್ಟಿನಲ್ಲಿ ತಿಂದು ಮುಗಿಸಿದೆ.

"ಹಂಗೇರಿಯವರ ಮೇಲೆ ನೀನು ಆಡಿದೆ ಅಂತ ಪೇಪರಿನಲ್ಲಿದೆ. ರೇಡಿಯೊದಲ್ಲಿ ಮಾತ್ರ ಉದ್ದಕ್ಕೂ ಪಿಂಟರ್, ಪಿಂಟರ್ ಅಂತಿದ್ದರು. ಯಾವುದು ನಿಜ?" ಎಂದು ಕೇಳಿದ್ದೀಯ. ಆಡಿದವನು ನಾನು, ಅಕ್ಕ. ಮೊದಲಿನಿಂದ ಕೊನೆಯವರೆಗೂ ನಾನೇ. ಒಡಹುಟ್ಟಿದವಳಿಗೂ ಇದನ್ನು ಆಣೆ ಮಾಡಿ ಹೇಳಬೇಕಾಗಿ ಬಂತಲ್ಲ, ನನ್ನ ಹಣೆಬರಹ ನೋಡು.

ನಾಲ್ಕು ವರ್ಷದಿಂದ ದೇಶದ ಫುಟ್‌ಬಾಲ್ ತಂಡದ ಜೊತೆ ಊರೂರು ಸುತ್ತಿದ್ದೇನೆ, ಆಡುವುದಕ್ಕಲ್ಲ, ಯಾರಾದರೂ ಕೈಕೊಟ್ಟರೆ ಇರಲಿ ಎಂದು. ಹನ್ನೊಂದು ಜನ ಮೈದಾನಕ್ಕೆ ಇಳಿದ ಮೇಲೆ ಒಬ್ಬನ ಕಾಲು ಮುರಿದರೂ ಇನ್ನೊಬ್ಬನನ್ನು ಇಳಿಸುವ ಹಾಗಿಲ್ಲ. ಆಮೇಲೆ ನನಗೆ ಉಳಿಯುವುದು ಅವರ ಕೋಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಕೆಲಸ. ಬೀದಿಯ ಜನ ನನಗೆ 'ಕೋಟುಗೂಟ' ಎಂದು ಹೆಸರಿಟ್ಟಿರುವುದು ನಿನಗೆ ಗೊತ್ತು. ಅಪ್ಪನ ಮಾತೂ ಗೊತ್ತು: "ಬಟ್ಟೆ ಕಾಯೋಕೆ ಪರದೇಶಕ್ಕೆ ಯಾಕೋ ಹೋಗ್ಬೇಕು? ಇಟ್ಟಿಗೆ ಗೂಡಿನ ಬಾಗಿಲಲ್ಲಿ ನಿಂತ್ಕೊ, ಅಲ್ಲೂ ಕೋಟಿರ್ತವೆ."

ಬುಡಾಪೆಸ್ಟಿನಲ್ಲಿ ನಮ್ಮ ಬಲಗಡೆ ತಡೆಯಲು ನಿಲ್ಲುವ ಬ್ಯಾಕ್ ಎಗಾನ್ ಪಿಂಟರ್ ಹಿಂದಿನ ಸಂಜೆ ಮೀನಿನ ಸಾರಿಗೆ ಮುಗಿಬಿದ್ದ. "ಸಾಕು ಮಾರಾಯ, ನಾಳೆ ಓಡಬೇಕು" ಎಂದೆ. "ಪುಕ್ಕಟೆ ಸಾರು ಬಿಟ್ಟವನು ಮೂರ್ಖ" ಎಂದು ಇನ್ನೊಂದು ಬಟ್ಟಲು ಬಗ್ಗಿಸಿಕೊಂಡ. ಬೆಳಿಗ್ಗೆ ಅವನು ಪಾಯಿಖಾನೆ ಬಿಟ್ಟು ಹೊರಗೆ ಬರಲೇ ಇಲ್ಲ. ಆಟಕ್ಕೆ ಇನ್ನೇನು ಹೊತ್ತಾಯಿತು ಅನ್ನುವಾಗ ತಂಡದ ಯಜಮಾನರು ನನ್ನ ಕಡೆ ತಿರುಗಿ, "ನೊವೊಸಾದ್, ಬೂಟು ಹಾಕು" ಅಂದರು. ಒಂದು ಬೂಟಿನ ಲಾಡಿ ನಾನು ಕಟ್ಟಿಕೊಂಡೆ, ಹೊತ್ತಾಯಿತೆಂದು ಇನ್ನೊಂದನ್ನು ಗೋಲು ಕಾಯುವವನು ಕಟ್ಟಿದ.

ರೇಡಿಯೊದವನಿಗೆ ಇದನ್ನು ಯಾರೂ ಹೇಳಲಿಲ್ಲ. ಅವನು ದೂರದ ಚಾವಣಿ ಮೇಲಿನ ಗೂಡಿನಲ್ಲಿ ಕೂತಿದ್ದ, ಮೈದಾನದ ಮೇಲೆಲ್ಲ ಮಂಜು. ನಮ್ಮ ಅಂಗಿಗಳ ಮೇಲೆ ಗುರುತೂ ಇಲ್ಲ, ಹೆಸರೂ ಇಲ್ಲ. ಪಿಂಟರನೂ ನನ್ನ ಹಾಗೆ ಉದ್ದ ಆಸಾಮಿ, ಒಣಹುಲ್ಲಿನ ಬಣ್ಣದ ಕೂದಲು. ಬಲಗಡೆ ಇರುವವನು ಪಿಂಟರ್ ಎಂದು ರೇಡಿಯೊದವನು ನಂಬಿದ, ಅವನನ್ನು ಇಡೀ ಆಸ್ಟ್ರಿಯಾ ನಂಬಿತು.

ನಾನು ಹೇಗೆ ಆಡಿದೆ ಎಂದು ನಾನೇ ಹೇಳಿಕೊಳ್ಳಬೇಕು, ಇನ್ಯಾರೂ ಹೇಳುವವರಿಲ್ಲ. ಅವರ ಎಡಗಡೆಯ ಓಟಗಾರ ಚಿಗರೆಯಂಥವನು. ಅವನ ಕಾಲು ನೋಡಿದವನು ಕೆಟ್ಟ. ನಾನು ಸೊಂಟ ನೋಡುತ್ತಿದ್ದೆ, ಸೊಂಟ ಸುಳ್ಳು ಹೇಳುವುದಿಲ್ಲ. ಅವನು ಒಂದು ಸಲವೂ ನನ್ನನ್ನು ದಾಟಲಿಲ್ಲ. ಒಮ್ಮೆ ಗೋಲು ಕಾಯುವವನು ಬಿದ್ದಿದ್ದ, ಚೆಂಡು ಗೆರೆ ದಾಟುತ್ತಿತ್ತು, ತಲೆಕೊಟ್ಟು ಆಚೆ ಹಾಕಿದೆ. ಅವರಿಗೆ ಒಂದು ಗೋಲೂ ಸಿಗಲಿಲ್ಲ. ಕೊನೆಗೆ ಮಂಡಿ ತಿರುಚಿಕೊಂಡಿತು, ಕುಂಟುತ್ತಲೇ ಮುಗಿಸಿದೆ. ಈಗ ಡಾಕ್ಟರು, "ಕ್ಲಬ್ಬಿಗೆ ಆಡಿಕೊಂಡಿರಪ್ಪ, ದೊಡ್ಡ ಆಟದ ಆಸೆ ಬಿಡು" ಅನ್ನುತ್ತಾರೆ. ನನಗೂ ಮೂವತ್ತೆರಡು ತುಂಬಿತು. ಇನ್ನೊಂದು ಸಲ ಆಡಿ ತೋರಿಸುವ ದಾರಿ ಮುಚ್ಚಿತು, ಅಕ್ಕ.

ವಿಯೆನ್ನಾ ಸ್ಟೇಷನ್ನಿನಲ್ಲಿ ಜನ ಪಿಂಟರನನ್ನು ಹೆಗಲ ಮೇಲೆ ಹೊತ್ತರು. ಅವನು ಹೊಟ್ಟೆ ಹಿಡಿದುಕೊಂಡು "ನಾನಲ್ರೋ, ನಾನಲ್ಲ, ಇಳಿಸ್ರೋ!" ಎಂದು ಕೂಗಿದ. "ನೋಡ್ರೋ ಎಂಥ ವಿನಯ!" ಎಂದು ಇನ್ನೂ ಮೇಲೆತ್ತಿದರು. ಕಾಫಿ ಹೌಸಿನ ವೇಟರ್ ಅಲ್ಫೋನ್ಸ್ ನನ್ನ ಕಿವಿ ಹತ್ತಿರ ಬಗ್ಗಿ, "ಈ ಸಲ ಕೋಟು ಭಾರ ಇತ್ತೇನೋ, ಕುಂಟ್ತಿದೀರಲ್ಲ ಸಾಹೇಬ್ರೇ?" ಅಂದ. ಅವನಿಗೆ ಎರಡು ಬಿಡಬೇಕು ಅನ್ನಿಸಿತು. ಮರುದಿನ ಪೇಪರಿನಲ್ಲಿ ನನ್ನ ಹೆಸರು ಸರಿಯಾಗಿಯೇ ಬಂತು, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ರೇಡಿಯೊ ಕೂಗಿದ್ದು ಊರಿಗೆಲ್ಲ ಕೇಳಿತ್ತು, ಅಚ್ಚಾದದ್ದನ್ನು ಓದಿದವರೆಷ್ಟು?

ಊರು ಹಾಳಾಗಲಿ, ಅಪ್ಪನ ವಿಷಯಕ್ಕೆ ಬರುತ್ತೇನೆ. ಇಟ್ಟಿಗೆ ದೂಳು ಅವರ ಎದೆಯನ್ನು ಪೂರ್ತಿ ತಿಂದಿದೆ. ಅಡುಗೆಮನೆಯ ಮಂಚ ಬಿಟ್ಟು ಏಳುವುದಿಲ್ಲ. ವಸಂತ ಕಾಣುವುದು ಕಷ್ಟ ಎಂದು ಡಾಕ್ಟರು ನನಗೆ ಮಾತ್ರ ಹೇಳಿದ್ದಾರೆ. ಪಕ್ಕದ ಮನೆಯ ಸ್ಕಾಲಾ ಅಮ್ಮ ಆವತ್ತು ತಮ್ಮ ರೇಡಿಯೊ ತಂದು ಅವರ ತಲೆದೆಸೆಯಲ್ಲಿಟ್ಟರಂತೆ. ಜನ್ಮದಲ್ಲಿ ಅಪ್ಪ ಚೆಂಡಾಟ ಕೇಳಿದ್ದು ಅದೇ ಮೊದಲು. ನಾನು ಒಳಗೆ ಬರುವಾಗಲೇ ಶುರುಮಾಡಿದರು.

"ಕೇಳ್ದೆ ಕಣೋ ನಿಮ್ಮಾಟ. ಆ ಪಿಂಟರ್ ಇದಾನಲ್ಲ, ಗಂಡಸು ಅಂದ್ರೆ ಅವನು! ಚೆಂಡು ಎಲ್ಲಿ ಬಿದ್ರೂ ಅಲ್ಲಿ ಹಾಜರು."

"ಅಪ್ಪ, ಅದು ನಾನು."

"ಯಾವ್ದು ನೀನು?"

"ಪಿಂಟರ್ ಅಂದದ್ದೆಲ್ಲ ನಾನೇ. ಅವನು ಹೋಟೆಲಲ್ಲಿ ಹೊಟ್ಟೆ ಕೆಟ್ಟು ಮಲಗಿದ್ದ."

ಅಪ್ಪ ನಕ್ಕರು. ನಗು ಕೆಮ್ಮಾಯಿತು, ಬಟ್ಟಲು ಹಿಡಿದೆ. ಸುಧಾರಿಸಿಕೊಂಡು, "ಲೋ, ಮುದುಕನ್ನ ಸಮಾಧಾನ ಮಾಡೋಕೆ ಸುಳ್ಳು ಹೇಳ್ಬೇಡ. ಕೋಟು ಕಾದ್ರೆ ಕಾದೆ, ಅದೇನು ಕಳ್ಳತನ ಅಲ್ಲ" ಅಂದರು. ಸ್ಕಾಲಾ ಅಮ್ಮ ಪೇಪರಿನಲ್ಲಿದ್ದ ನನ್ನ ಹೆಸರು ಓದಿ ಹೇಳಿದರು, ಅಪ್ಪ ಒಪ್ಪಲಿಲ್ಲ. "ಪೇಪರಿನವ್ರು ಮಾರನೇ ದಿನ ಕೂತ್ಕೊಂಡು ಬರೀತಾರೆ. ರೇಡಿಯೊದವನು ಅಲ್ಲೇ ಇದ್ದು ಕಣ್ಣಾರೆ ನೋಡಿ ಹೇಳ್ತಿದ್ದ. ನೊವೊಸಾದ್ ಅಂತ ಒಂದ್ಸಲ ಅಂದಿದ್ರೆ ನಂಗೆ ಕೇಳಿಸ್ತಿರ್ಲಿಲ್ವಾ? ಅದಕ್ಕೇ ಅಲ್ವಾ ಕಿವಿ ಕೊಟ್ಕೊಂಡು ಮಲಗಿದ್ದು!" ಅಂದುಬಿಟ್ಟರು. ಹಿತ್ತಿಲಿಗೆ ಹೋಗಿ ಕಲ್ಲಿದ್ದಲ ಬಕೆಟ್ಟನ್ನು ಒದ್ದೆ, ಕೆಟ್ಟ ಮಂಡಿಯ ಕಾಲಲ್ಲೇ.

ಒಂದು ಮಾತು ನಡೆಸಿಕೊಡು. ಕ್ರಿಸ್‌ಮಸ್ಸಿಗೆ ಬಂದಾಗ ಅಪ್ಪನ ಮುಂದೆ ಬುಡಾಪೆಸ್ಟಿನ ಸುದ್ದಿ ಎತ್ತಬೇಡ. ನನ್ನ ಪರ ವಾದಕ್ಕೆ ಇಳಿಯಬೇಡ. ನಿನಗೆ ಅಮ್ಮನ ನಾಲಗೆ ಬಂದಿದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಬರುವಾಗ ಅವರಿಗೊಂದು ಉಣ್ಣೆಯ ಬನಿಯನ್ ತಾ.

ತೀರಿಹೋದ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ, ಮೇರಿ ಮಾತೆ ನಿನ್ನನ್ನು ಚಳಿಯಿಂದಲೂ ನಿನ್ನ ಮನೆಯೊಡತಿಯ ಬಾಯಿಂದಲೂ ಕಾಪಾಡಲಿ.

ನಿನ್ನ ತಮ್ಮ,
ಬೊಹುಮಿಲ್

ಇನ್ನೊಂದು ಮಾತು: ಯಾಕೆಂದು ಹೇಳದಿದ್ದರೆ ನೀನು ಬಿಡುವವಳಲ್ಲ. ಮೊನ್ನೆ ಮಂಗಳವಾರ ಸಾಕ್ಷಿ ಹೇಳಿಸಲೆಂದು ಪಿಂಟರನನ್ನೇ ಮನೆಗೆ ಕರೆತಂದೆ. ಹೆಸರು ಕೇಳಿದ್ದೇ ತಡ, ಅಪ್ಪ ಯಾರ ನೆರವೂ ಇಲ್ಲದೆ ಎದ್ದು ಕೂತರು. ಎಷ್ಟು ತಿಂಗಳಾಗಿತ್ತು ಅವರು ಹಾಗೆ ಕೂತು! ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಪಿಂಟರ್ "ಯಜಮಾನ್ರೇ, ನಿಜ ಏನಂದ್ರೆ..." ಎಂದು ಶುರುಮಾಡಿದ. ಅಪ್ಪನ ಮುಖ ನೋಡಿ, ಬೇಡ ಎಂದು ನಾನೇ ತಲೆಯಾಡಿಸಿದೆ.

"ನಿನ್ನ ಹೆತ್ತವನು ಪುಣ್ಯವಂತ ಕಣಪ್ಪ" ಅಂದರು ಅಪ್ಪ. "ಇದಾರಾ ನಿಮ್ಮಪ್ಪ?"

"ಇದಾರೆ."

"ಆವತ್ತು ರೇಡಿಯೊ ಕೇಳಿದ್ರಾ?"

ಪಿಂಟರ್ ನನ್ನ ಕಡೆ ನೋಡಿದ. "ಕೇಳಿದ್ರು ಯಜಮಾನ್ರೇ. ಕೊನೇ ತನಕ ಕೇಳಿದ್ರು."

"ಖುಷಿಪಟ್ಟಿರ್ಬೇಕು."

"ತುಂಬಾ ಪಟ್ರು."

ಅಪ್ಪ ಅವನ ಕೈ ಬಿಡಲೇ ಇಲ್ಲ. ನನ್ನ ಕೈಯನ್ನು ಅವರು ಹಾಗೆ ಹಿಡಿದದ್ದು ನನಗೆ ನೆನಪಿಲ್ಲ, ಅಕ್ಕ. ನಿನಗೇನಾದರೂ ನೆನಪಿದ್ದರೆ ಬರೆ.