ಹತ್ತು ಹೂತರು, ಹನ್ನೊಂದು ಸಿಕ್ಕಿತು

ಪೋಲೆಂಡ್, ಮಂಗಳವಾರ

ಪ್ರೀತಿಯ ಕಮಲಕ್ಕ,

ಥಂಡಿಗೆ ಮೂಗು ಸೋರುವುದೊಂದು ಬಿಟ್ಟರೆ ನಿನ್ನ ತಂಗಿ ಗಟ್ಟಿಯಾಗಿದ್ದಾಳೆ. ದಾವಣಗೆರೆಯ ಕರೂರಿನಲ್ಲಿ ನಾವು ಜೋಡಿಸಿದ ನೆಲಬಾಂಬು ಹುಡುಕುವ ಯಂತ್ರವನ್ನು ಎರಡೂ ದೇಶದ ರಕ್ಷಣಾ ವಿಜ್ಞಾನಿಗಳು ಸೇರಿ ಇಲ್ಲೊಂದು ಆಲೂಗಡ್ಡೆ ಹೊಲದಲ್ಲಿ ಪರೀಕ್ಷಿಸುತ್ತಿದ್ದಾರೆ. ನಿನ್ನೆ ಹತ್ತು ನಕಲಿ ಬಾಂಬು ಹೂತಿದ್ದರು. ಯಂತ್ರ ಹತ್ತನ್ನೂ ಹುಡುಕಿತು. ಆಮೇಲೆ ಏನೂ ಹೂಳದ ಬದುವಿನ ಹತ್ತಿರ ನಿಂತು ಮತ್ತೆ ಕೂಗಿತು! ಇಲ್ಲಿನ ಹಿರಿಯ ವಿಜ್ಞಾನಿ, ನಿಮ್ಮ ಜೋಡಣೆಯಲ್ಲೇ ದೋಷವಿದೆ ಎಂದು ಬರೆದುಕೊಳ್ಳತೊಡಗಿದರು. ನನಗೆ ತಡೆಯಲಾಗಲಿಲ್ಲ.

"ನಮ್ ಮಿಷನ್ ಸುಳ್ಳು ಹೇಳಂಗಿಲ್ಲ, ಅಗೆಸಿ ನೋಡ್ರಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

"ತಡಿಯವ್ವಾ, ನಾನ್ ಹೇಳ್ತೀನಿ" ಎಂದು ನಮ್ಮ ಎಂಜಿನಿಯರ್ ಯೋಗರಾಜ್ ನಗುತ್ತ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ಸೈನಿಕರು ಬಂದು ನಮ್ಮನ್ನೆಲ್ಲ ದೂರ ಕಳಿಸಿ ಅಗೆದರು. ಸಿಕ್ಕಿದ್ದು ಹಳೆಯ ಮಹಾಯುದ್ಧದ, ತುಕ್ಕು ಹಿಡಿದ ನಿಜವಾದ ಬಾಂಬು! ಹೊಲದೊಡತಿ ಅಜ್ಜಿ ನಲವತ್ತು ವರ್ಷ ಅದರ ಮೇಲೇ ಓಡಾಡಿದ್ದಾಳಂತೆ. ವಿಷಯ ಕೇಳಿದವಳೇ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ವಿಜ್ಞಾನಿ ತಾವು ಬರೆದದ್ದನ್ನು ಹೊಡೆದುಹಾಕಿ ನನ್ನ ಕೈ ಕುಲುಕಿದರು.

ನೀನು ಬಿ.ಪಿ. ಮಾತ್ರೆ ತಪ್ಪಿಸಬೇಡ. ಅಜ್ಜಿ ತನ್ನ ಉಳಿದ ಹೊಲಗಳನ್ನೂ ನೋಡಿಕೊಡಿ ಎಂದು ಕೇಳಿದ್ದಾಳೆ, ಎಲ್ಲರೂ ಒಪ್ಪಿದ್ದೇವೆ. ಹಾಗಾಗಿ ಹರಿಹರದ ಸ್ಟೇಷನ್ನಿನಲ್ಲಿ ಇಳಿಯುವುದು ಒಂದು ವಾರ ತಡ. ವ್ಯಾನ್ ಬಂತು, ಹೊಲಕ್ಕೆ ಹೊರಟೆ.

ನಿನ್ನ
ಶಾಂತಲಾ